ಫೋರ್ಜಾ ಹೊರೈಜನ್ 5 ಜರ್ಕ್ ಹೊಡೆಯುತ್ತಿದೆಯಾ? ಕಾರು ಓಡಿಸಿಯೇ ದೋಷ ಹಿಡಿಯಿರಿ

ಫೋರ್ಜಾ ಹೊರೈಜನ್ 5 ಎಂಬ ಕಾರು ಓಟದ ಆಟ ಆಡುವವರಿಂದ ಜಾಸ್ತಿ ಕೇಳಿಬರುವ ದೂರು ಒಂದೇ: "ಲ್ಯಾಗ್ ಆಗ್ತಿದೆ." ಬಿಡಿಸಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಕತೆ. ಒಬ್ಬರಿಗೆ ಹೆದ್ದಾರಿಯಲ್ಲಿ ಜೋರಾಗಿ ಹೋಗುವಾಗ ಚಿತ್ರ ಗಕ್ಕನೆ ನಿಂತು ಮತ್ತೆ ಓಡುತ್ತದೆ. ಇನ್ನೊಬ್ಬರಿಗೆ ಹೆದ್ದಾರಿ ಪರವಾಗಿಲ್ಲ, ಊರೊಳಗೆ ಹೊಕ್ಕ ಕೂಡಲೇ ಎಲ್ಲ ಭಾರ. ಮತ್ತೊಬ್ಬರಿಗೆ ಮೊದಲ ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಕೆಡುತ್ತದೆ. ಈ ಮೂರಕ್ಕೂ ಕಾರಣ ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ.

ಆದರೆ ನಾವು ಮಾಡುವ ಕೆಲಸ ಮಾತ್ರ ಒಂದೇ. ಗ್ರಾಫಿಕ್ಸ್ ಎಲ್ಲವನ್ನೂ 'ಲೋ'ಗೆ ಇಳಿಸುತ್ತೇವೆ. ಅಷ್ಟಕ್ಕೂ ಸರಿಹೋಗದಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ತೆಗೆದು ಮತ್ತೆ ಹಾಕುತ್ತೇವೆ. ಅದಕ್ಕೂ ಬಗ್ಗದಿದ್ದರೆ ಹೊಸ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟಾಗುತ್ತದೆ ಎಂದು ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಿಗೆ ಫೋನ್ ಮಾಡುತ್ತೇವೆ. ದಯವಿಟ್ಟು ಸ್ವಲ್ಪ ತಡೆಯಿರಿ. ಎಲ್ಲಿ, ಯಾವ ವೇಗದಲ್ಲಿ, ಎಷ್ಟು ಹೊತ್ತಿನ ಮೇಲೆ ಜರ್ಕ್ ಬರುತ್ತದೆ ಅನ್ನುವುದರಲ್ಲೇ ದೋಷದ ಗುರುತಿದೆ. ಅದನ್ನು ಹಿಡಿಯಲು ಬೇಕಾದ ಸಾಧನ ನಿಮ್ಮ ಕೈಯಲ್ಲೇ ಇದೆ: ಆಟದೊಳಗಿನ ಕಾರು. ಇಲ್ಲಿ ಹೇಳುವುದೆಲ್ಲ ವಿಂಡೋಸ್ ಇರುವ ಪಿಸಿ ಮತ್ತು ಲ್ಯಾಪ್‌ಟಾಪ್‌ಗೆ.

ಈ ಆಟಕ್ಕೇ ಯಾಕೆ ಹೀಗೆ?

ಬ್ರಿಟನ್ನಿನ ಪ್ಲೇಗ್ರೌಂಡ್ ಗೇಮ್ಸ್ ಮಾಡಿದ ಈ ಆಟ 2021ರ ನವೆಂಬರ್ 9ರಂದು ಬಂತು. ಕತೆ ನಡೆಯುವುದು ಮೆಕ್ಸಿಕೋದಲ್ಲಿ. ಮರುಭೂಮಿ, ಕಾಡು, ಕಡಲ ತೀರ, ಜ್ವಾಲಾಮುಖಿಯ ಬೆಟ್ಟ, ಗ್ವಾನಹುವಾಟೋ ಎಂಬ ಬಣ್ಣಬಣ್ಣದ ಮನೆಗಳ ಊರು, ಎಲ್ಲವೂ ಒಂದೇ ನಕ್ಷೆಯಲ್ಲಿ. ಡಿಸ್ಕಿನಲ್ಲಿ ಇದಕ್ಕೆ 110 ಜಿಬಿ ಜಾಗ ಬೇಕು. ಇಷ್ಟನ್ನೂ ಒಂದೇ ಸಲಕ್ಕೆ ರ್ಯಾಮ್‌ಗೆ ತುಂಬಲು ಆಗುವುದಿಲ್ಲ, ಅಲ್ವಾ? ಸರ್ಕ್ಯೂಟ್ ರೇಸಿನ ಆಟವಾದರೆ ಒಂದು ಟ್ರ್ಯಾಕನ್ನು ಮೊದಲೇ ಲೋಡ್ ಮಾಡಿಕೊಂಡು ಸುಮ್ನೆ ಕೂರಬಹುದು. ಇಲ್ಲಿ ಹಾಗಲ್ಲ. ನೀವು ಓಡಿಸುತ್ತಿರುವಾಗಲೇ ಮುಂದಿನ ರಸ್ತೆ, ಮರ, ಮನೆ, ಗುಡ್ಡ ಎಲ್ಲವನ್ನೂ ಆಟ ಡಿಸ್ಕಿನಿಂದ ತರುತ್ತಾ, ಹಿಂದೆ ಬಿಟ್ಟದ್ದನ್ನು ಖಾಲಿ ಮಾಡುತ್ತಾ ಇರುತ್ತದೆ. ಇದಕ್ಕೆ ಸ್ಟ್ರೀಮಿಂಗ್ ಅನ್ನುತ್ತಾರೆ.

ಮದುವೆ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಉಣ್ಣುವವರ ಕೈ ಎಲೆಗೆ ಬರುವ ಮೊದಲೇ ಬಡಿಸುವವರು ಮುಂದಿನ ಪದಾರ್ಥ ತಂದಿರಬೇಕು. ಅಡುಗೆ ಮನೆ ದೂರವಾದರೆ ಉಣ್ಣುವವರು ಕೈ ಹಿಡಿದುಕೊಂಡು ಕಾಯಬೇಕು.

ಬೇಕಾದ ಕಡೆ ತಿರುಗಾಡಬಹುದಾದ ಓಪನ್ ವರ್ಲ್ಡ್ ಆಟಗಳೆಲ್ಲ ಹೀಗೇ ನಡೆಯುತ್ತವೆ. ಆದರೆ ನಡೆದುಕೊಂಡು ಹೋಗುವ ಆಟದಲ್ಲಿ ಮುಂದಿನ ಬೀದಿ ತರಲು ಬೇಕಾದಷ್ಟು ಸಮಯ ಸಿಗುತ್ತದೆ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 83 ಮೀಟರ್ ದಾಟುತ್ತದೆ. ಹನ್ನೆರಡು ಸೆಕೆಂಡಿಗೆ ಒಂದು ಕಿಲೋಮೀಟರ್. ಅಷ್ಟರೊಳಗೆ ಆ ಒಂದು ಕಿಲೋಮೀಟರಿನ ಎಲ್ಲ ಸಾಮಾನೂ ಡಿಸ್ಕಿನಿಂದ ರ್ಯಾಮ್‌ಗೆ, ರ್ಯಾಮ್‌ನಿಂದ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಗೆ ಬಂದಿರಬೇಕು. ಈ ದಾರಿಯಲ್ಲಿ ಎಲ್ಲಿ ಅಡಚಣೆ ಆದರೂ ನಿಮಗೆ ಕಾಣುವುದು ಅದೇ ಒಂದು ಜರ್ಕ್.

ನೋಡುವ ಮೊದಲು

ಮೊದಲು ಎರಡು ಸಣ್ಣ ವಿಷಯ. ಡೆಸ್ಕ್‌ಟಾಪ್ ಆದರೆ ಮಾನಿಟರಿನ ಎಚ್‌ಡಿಎಂಐ ಕೇಬಲ್ ಎಲ್ಲಿಗೆ ಹೋಗಿದೆ ಎಂದು ಬಗ್ಗಿ ನೋಡಿ. ಮದರ್‌ಬೋರ್ಡಿಗೆ ಚುಚ್ಚಿದ್ದರೆ ತೆಗೆದು ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ. ಲ್ಯಾಪ್‌ಟಾಪ್ ಆದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಹೋಗಿ ಈ ಆಟಕ್ಕೆ 'ಹೈ ಪರ್ಫಾರ್ಮೆನ್ಸ್' ಆಯ್ಕೆ ಮಾಡಿ. ಇಲ್ಲದಿದ್ದರೆ ಪ್ರೊಸೆಸರ್ ಒಳಗಿನ ಪುಟ್ಟ ಗ್ರಾಫಿಕ್ಸ್ ಚಿಪ್ಪಿನ ಮೇಲೆಯೇ ಆಟ ಓಡಬಹುದು. ಇವೆರಡು ತಪ್ಪಾಗಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಆಮೇಲೆ ಯಂತ್ರದೊಳಗಿನ ಲೆಕ್ಕಗಳನ್ನು ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿಕೊಳ್ಳಿ. ಅದರ ಜೊತೆಗೆ ಬರುವ ರಿವಾಟ್ಯೂನರ್ ಕೂಡ ಬೇಕು. ಪರದೆಯ ಮೂಲೆಯಲ್ಲಿ ಇಷ್ಟು ಕಾಣುವಂತೆ ಮಾಡಿ: ಗ್ರಾಫಿಕ್ಸ್ ಕಾರ್ಡಿನ ಬಳಕೆ, ಅದರ ಬಿಸಿ, ಕ್ಲಾಕ್ ವೇಗ, ಅದರ ಮೆಮೊರಿ, ಪ್ರೊಸೆಸರಿನ ಒಂದೊಂದು ಥ್ರೆಡ್‌ನ (ಒಟ್ಟೊಟ್ಟಿಗೆ ದುಡಿಯುವ ಕೈಗಳಲ್ಲಿ ಒಂದು) ಬಳಕೆ, ಪ್ರೊಸೆಸರಿನ ಬಿಸಿ. ಮುಖ್ಯವಾಗಿ ಫ್ರೇಮ್‌ಟೈಮ್ ಗ್ರಾಫ್, ಅಂದರೆ ಒಂದೊಂದು ಚಿತ್ರ (ಫ್ರೇಮ್) ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ತೋರಿಸುವ ಗೆರೆ. ಇಂಥ ತಂತ್ರಾಂಶ ಓಡುತ್ತಿರುವಾಗ ಆಟವೇ ಮುಚ್ಚಿಹೋಗುತ್ತಿದ್ದರೆ ಅದನ್ನು ತೆಗೆದು ವಿಂಡೋಸ್ ಕೀ ಜೊತೆ ಜಿ ಒತ್ತಿ, ಎಕ್ಸ್‌ಬಾಕ್ಸ್ ಗೇಮ್ ಬಾರ್‌ನಲ್ಲಿ ಇರುವಷ್ಟನ್ನೇ ನೋಡಿ.

ಫ್ರೇಮ್‌ಟೈಮ್ ಯಾಕೆ, ಸೆಕೆಂಡಿಗೆ ಎಷ್ಟು ಫ್ರೇಮ್ ಬಂತು ಎನ್ನುವ ಎಫ್‌ಪಿಎಸ್ ಸಾಲದಾ? ಸಾಲದು. ಒಂದು ಸೆಕೆಂಡಿನಲ್ಲಿ 59 ಫ್ರೇಮ್‌ಗಳು ತಲಾ 15 ಮಿಲಿಸೆಕೆಂಡಿಗೆ ಬಂದು, ಒಂದೇ ಒಂದು ಫ್ರೇಮ್ 115 ಮಿಲಿಸೆಕೆಂಡ್ ತೆಗೆದುಕೊಂಡಿತು ಅಂದುಕೊಳ್ಳಿ. ಲೆಕ್ಕ ಸರಿಯಾಗಿ 60 ಎಫ್‌ಪಿಎಸ್ ಅನ್ನುತ್ತದೆ. ಆದರೆ ಆ ಒಂದು ಫ್ರೇಮಿನ ಹೊತ್ತಿಗೆ, 300 ಕಿ.ಮೀ. ವೇಗದಲ್ಲಿ, ಕಾರು ಒಂಬತ್ತೂವರೆ ಮೀಟರ್ ಮುಂದೆ ಹೋಗಿರುತ್ತದೆ. ಎರಡು ಕಾರುಗಳ ಉದ್ದ. ತಿರುವಿನಲ್ಲಿ ಬ್ರೇಕ್ ಹಾಕಬೇಕಾದ ಜಾಗ ಕಣ್ಣಿಗೆ ಬೀಳುವ ಮೊದಲೇ ಹಿಂದೆ ಹೋಗಿರುತ್ತದೆ. "60 ತೋರಿಸ್ತಿದೆ, ಆದ್ರೂ ಜರ್ಕ್" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಗ್ರಾಫ್‌ನಲ್ಲಿ ಗೆರೆ ಸಪಾಟಾಗಿದ್ದು ಅಲ್ಲಲ್ಲಿ ಮೊಳೆಯಂತೆ ಚೂಪಾಗಿ ಏಳುತ್ತದಾ, ಅಥವಾ ಇಡೀ ಗೆರೆಯೇ ಮೇಲೆ ಹೋಗಿದೆಯಾ, ಅದನ್ನು ನೋಡಿ. ಮೊದಲನೆಯದು ಕಾಯುವಿಕೆ, ಎರಡನೆಯದು ಭಾರ. ಈ ಎರಡನ್ನು ಬೇರೆ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಇನ್ನು ಆಟದೊಳಗೆ ಒಬ್ಬರೇ ಆಡುವ ಹೊರೈಜನ್ ಸೋಲೋಗೆ ಹೋಗಿ. ಬೇರೆ ಆಟಗಾರರು ಇರುವಾಗ ಪರೀಕ್ಷೆ ಬೇಡ. ವೇಗವಾಗಿ ಓಡುವ ಒಂದು ಕಾರು ಆರಿಸಿ, ಉದಾಹರಣೆಗೆ ಕೋನಿಗ್ಸೆಗ್ ಯೆಸ್ಕೋ, ಎಲ್ಲ ಪರೀಕ್ಷೆಗೂ ಅದನ್ನೇ ಇಟ್ಟುಕೊಳ್ಳಿ. ರಸ್ತೆಯೂ ಒಂದೇ ಇರಲಿ. ನಕ್ಷೆಯ ನಡುವೆ ಹಾದುಹೋಗುವ ಉದ್ದನೆಯ ಹೆದ್ದಾರಿ ಇದಕ್ಕೆ ಹೇಳಿ ಮಾಡಿಸಿದ್ದು. ಸೆಟ್ಟಿಂಗ್ಸ್ ಈಗಲೇ ಮುಟ್ಟಬೇಡಿ. ಜರ್ಕ್ ಬರಬೇಕು, ಬಂದರೆ ತಾನೇ ಹಿಡಿಯಲು ಸಾಧ್ಯ.

ನಿಂತು, ನಿಧಾನವಾಗಿ, ಜೋರಾಗಿ

ಹೆದ್ದಾರಿಯ ಬದಿಯಲ್ಲಿ ಕಾರು ನಿಲ್ಲಿಸಿ. ಎರಡು ನಿಮಿಷ ಏನೂ ಮಾಡಬೇಡಿ, ಗ್ರಾಫ್ ನೋಡಿ. ನಿಂತಲ್ಲೇ ಮೊಳೆ ಏಳುತ್ತಿದ್ದರೆ ಸ್ಟ್ರೀಮಿಂಗ್ ಮೇಲೆ ಅನುಮಾನ ಬೇಡ, ಯಾಕೆಂದರೆ ಹೊಸದಾಗಿ ತರುವುದು ಏನೂ ಇಲ್ಲ. ಹಿಂದೆ ಬೇರೇನೋ ನಡೆಯುತ್ತಿದೆ. ವಿಂಡೋಸ್ ಅಪ್‌ಡೇಟ್, ಆಂಟಿವೈರಸ್ ಸ್ಕ್ಯಾನ್, ಇನ್ನೊಂದು ಆಟದ ಡೌನ್‌ಲೋಡ್, ಗೇಮ್ ಬಾರ್‌ನ ಹಿನ್ನೆಲೆ ರೆಕಾರ್ಡಿಂಗ್, ಫೋಟೋಗಳನ್ನು ಕ್ಲೌಡ್‌ಗೆ ಕಳಿಸುತ್ತಿರುವ ಆ್ಯಪ್. ಟಾಸ್ಕ್ ಮ್ಯಾನೇಜರ್ ತೆರೆದು ಒಂದೊಂದಾಗಿ ನಿಲ್ಲಿಸಿ ನೋಡಿ.

ನಿಂತಾಗ ಸರಿಯಿದ್ದರೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೆದ್ದಾರಿಯ ಒಂದು ತುದಿಯಿಂದ ಹೊರಡಿ. ಬೇಸರ ಅನ್ನಿಸಿದರೂ ಅವಸರ ಬೇಡ. ನಂತರ ಅದೇ ರಸ್ತೆಯಲ್ಲಿ 300 ದಾಟಿಸಿ. 80ರಲ್ಲಿ ಗೆರೆ ಸಪಾಟು, 300ರಲ್ಲಿ ಮೊಳೆಗಳು ಎಂದಾದರೆ ಗ್ರಾಫಿಕ್ಸ್ ಕಾರ್ಡಿಗೆ ಚಿತ್ರ ಬರೆಯುವ ಶಕ್ತಿ ಇದೆ ಎಂದು ಅರ್ಥ. ಎರಡೂ ಸಲ ಅದು ಬರೆದದ್ದು ಅದೇ ರಸ್ತೆ, ಅದೇ ಬೆಟ್ಟ. ಬದಲಾದದ್ದು ವೇಗ ಒಂದೇ. ಅಂದರೆ ಸಾಮಾನು ಸಮಯಕ್ಕೆ ಬರುತ್ತಿಲ್ಲ. ಇಂಥ ಕಡೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ದುಡ್ಡು ಹೋಗುತ್ತದೆ, ಜರ್ಕ್ ಹೋಗುವುದಿಲ್ಲ.

ಎರಡು ವೇಗದಲ್ಲೂ ಗೆರೆ ಇಡಿಯಾಗಿ ಮೇಲಿದ್ದರೆ ಮಾತ್ರ 'ಭಾರ' ಎಂಬ ಕಡೆಗೆ ಹೋಗಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ರೀವೈಂಡ್ ಒತ್ತಿ ನೋಡಿ

ಈ ಆಟದಲ್ಲಿ ಗುದ್ದಿದಾಗ ಕೆಲವು ಸೆಕೆಂಡ್ ಹಿಂದಕ್ಕೆ ಹೋಗಲು ರೀವೈಂಡ್ ಇದೆಯಲ್ಲ, ಕಂಟ್ರೋಲರ್‌ನಲ್ಲಿ ವೈ ಬಟನ್, ದೋಷ ಹಿಡಿಯಲು ಅದರಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ಜರ್ಕ್ ಬಂದ ಕೂಡಲೇ ರೀವೈಂಡ್ ಒತ್ತಿ. ಅದೇ ಜಾಗವನ್ನು ಅದೇ ವೇಗದಲ್ಲಿ ಮತ್ತೆ ದಾಟಿ.

ಎರಡನೇ ಸಲವೂ ಅದೇ ಕಂಬದ ಹತ್ತಿರ, ಅದೇ ತಿರುವಿನಲ್ಲಿ ಜರ್ಕ್ ಬಂದರೆ ಆ ಜಾಗದ ದೃಶ್ಯವೇ ನಿಮ್ಮ ಯಂತ್ರಕ್ಕೆ ಭಾರ. ಬರದೇ ಹೋದರೆ, ಮೊದಲ ಸಲ ಯಾವುದೋ ಒಂದು ಇನ್ನೂ ತಯಾರಾಗಿರಲಿಲ್ಲ. ಈ ಸಲ ಅದು ರ್ಯಾಮ್‌ನಲ್ಲೇ ಕೂತಿದೆ.

ತಯಾರಾಗದೇ ಇದ್ದದ್ದು ಏನು? ಎರಡು ಸಾಧ್ಯತೆ. ಒಂದು, ಡಿಸ್ಕಿನಿಂದ ಫೈಲ್ ಬರುವುದು ತಡವಾಯಿತು. ಇನ್ನೊಂದು, ಶೇಡರ್. ಲೋಹದ ಹೊಳಪು, ಒದ್ದೆ ರಸ್ತೆ, ಧೂಳು ಎಲ್ಲ ಹೇಗೆ ಕಾಣಬೇಕು ಎಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳುವ ಪುಟ್ಟ ಪ್ರೋಗ್ರಾಂಗಳಿವು. ನಿಮ್ಮ ಕಾರ್ಡಿಗೆ, ನಿಮ್ಮ ಡ್ರೈವರಿಗೆ ತಕ್ಕಂತೆ ಇವನ್ನು ಒಂದು ಸಲ ಸಿದ್ಧಪಡಿಸಿ ಇಟ್ಟುಕೊಳ್ಳಬೇಕು. ಮೊದಲ ಸಲ ಆಟ ತೆರೆದಾಗ 'ಆಪ್ಟಿಮೈಜಿಂಗ್ ಶೇಡರ್ಸ್' ಎಂದು ಕಾಯಿಸುವುದು ಇದಕ್ಕೇ. ಡ್ರೈವರ್ ಬದಲಿಸಿದರೆ ಮತ್ತೆ ಮೊದಲಿನಿಂದ.

ಇವೆರಡನ್ನು ಬೇರೆ ಮಾಡುವುದು ಸುಲಭ. ಒಂದು ರಸ್ತೆಯನ್ನು ಎರಡು ಸಲ ಓಡಿಸಿ, ಎರಡನೇ ಸಲ ಜರ್ಕ್ ಇಲ್ಲ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಅದೇ ರಸ್ತೆಗೆ ಬನ್ನಿ. ರ್ಯಾಮ್‌ನಲ್ಲಿ ಉಳಿದಿದ್ದ ಫೈಲುಗಳು ರೀಸ್ಟಾರ್ಟ್ ಆದಾಗ ಅಳಿಸಿಹೋಗುತ್ತವೆ. ಸಿದ್ಧವಾದ ಶೇಡರ್‌ಗಳು ಡಿಸ್ಕಿನಲ್ಲಿ ಉಳಿದಿರುತ್ತವೆ. ಹಾಗಾಗಿ ಜರ್ಕ್ ಮರಳಿ ಬಂದರೆ ಡಿಸ್ಕ್ ಕಡೆ ನೋಡಿ. ಮರಳಿ ಬರದಿದ್ದರೆ ಅದು ಶೇಡರ್ ಆಗಿತ್ತು. ಅದಕ್ಕೆ ಮದ್ದು ತಾಳ್ಮೆ ಮಾತ್ರ: ಹೊಸ ಡ್ರೈವರ್ ಹಾಕಿದ ದಿನ ರೇಸಿಗೆ ಇಳಿಯುವ ಮೊದಲು ಸ್ವಲ್ಪ ಹೊತ್ತು ಸುತ್ತಾಡಿ. ಸಿ ಡ್ರೈವ್ ತುಂಬಿ ತುಳುಕುತ್ತಿದ್ದರೆ ಜಾಗ ಮಾಡಿ, ಶೇಡರ್‌ಗಳು ಉಳಿಯುವುದು ಅಲ್ಲೇ. ಪ್ರತಿ ವಾರ ಡ್ರೈವರ್ ಬದಲಿಸುವ ಅಭ್ಯಾಸವಿದ್ದರೆ ಬಿಡುವುದು ಒಳ್ಳೆಯದು.

ಡಿಸ್ಕ್ ಮೇಲೆ ಅನುಮಾನ ಬಂದಾಗ

ಕೆಲವು ಯಂತ್ರಗಳಲ್ಲಿ ಆಟವೇ ಪರದೆಯ ಮೇಲೆ 'ಲೋ ಸ್ಟ್ರೀಮಿಂಗ್ ಬ್ಯಾಂಡ್‌ವಿಡ್ತ್' ಎಂಬ ಎಚ್ಚರಿಕೆ ಕೊಡುತ್ತದೆ. ಇದನ್ನು ನೋಡಿ ಎಷ್ಟೋ ಜನ ವೈಫೈ ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ, ಇಂಟರ್ನೆಟ್ ಪ್ಲಾನ್ ಬದಲಿಸುತ್ತಾರೆ. ಇದಕ್ಕೂ ಇಂಟರ್ನೆಟ್ಟಿಗೂ ಸಂಬಂಧವೇ ಇಲ್ಲ. ಡಿಸ್ಕಿನಿಂದ ಬೇಕಾದಷ್ಟು ವೇಗದಲ್ಲಿ ಫೈಲ್ ಬರುತ್ತಿಲ್ಲ ಎಂದು ಆಟ ಹೇಳುತ್ತಿದೆ, ಅಷ್ಟೇ.

ಎಚ್ಚರಿಕೆ ಬರದಿದ್ದರೂ ನೋಡುವ ದಾರಿ ಇದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಪುಟ ತೆರೆದು, ಆಟ ಇರುವ ಡಿಸ್ಕನ್ನು ಆರಿಸಿ ಹಾಗೇ ಬಿಡಿ. ಆಟಕ್ಕೆ ಬನ್ನಿ. ಹೆದ್ದಾರಿಯಲ್ಲಿ ಅರ್ಧ ನಿಮಿಷ ಜೋರಾಗಿ ಓಡಿಸಿ, ಜರ್ಕ್ ಬಂದ ಕೂಡಲೇ ಆಲ್ಟ್ ಮತ್ತು ಟ್ಯಾಬ್ ಒತ್ತಿ ಹೊರಗೆ ಬನ್ನಿ. ಅಲ್ಲಿನ ಗ್ರಾಫ್ ಹಿಂದಿನ 60 ಸೆಕೆಂಡ್ ತೋರಿಸುತ್ತಿರುತ್ತದೆ. ಜರ್ಕಿನ ಹೊತ್ತಿಗೆ 'ಆ್ಯಕ್ಟಿವ್ ಟೈಮ್' 100ಕ್ಕೆ ಮುಟ್ಟಿ ಗೋಡೆಯಂತೆ ನಿಂತಿದ್ದರೆ ಕಳ್ಳ ಸಿಕ್ಕಿದ. ಅದರ ಕೆಳಗೆ ಓದುವ ವೇಗ ಎಷ್ಟಿದೆ ಎಂದೂ ನೋಡಿ. 100 ಪರ್ಸೆಂಟ್ ದುಡಿಯುತ್ತಾ ಸೆಕೆಂಡಿಗೆ ಕೆಲವೇ ಎಂಬಿ ಕೊಡುತ್ತಿದ್ದರೆ ಅದು ತಿರುಗುವ ಹಾರ್ಡ್ ಡಿಸ್ಕ್ ಆಗಿರುವ ಸಾಧ್ಯತೆ ಜಾಸ್ತಿ. ದೊಡ್ಡ ಸಿನಿಮಾ ಫೈಲ್ ಕಾಪಿ ಮಾಡುವಾಗ ಸೆಕೆಂಡಿಗೆ 100 ಎಂಬಿ ಕೊಡುವ ಅದೇ ಡಿಸ್ಕ್, ಚೂರುಚೂರು ಫೈಲುಗಳನ್ನು ಅಲ್ಲಿಂದ ಇಲ್ಲಿಂದ ಓದುವಾಗ ಸೋಲುತ್ತದೆ. ಪ್ರತಿ ಸಲ ಒಳಗಿನ ಮುಳ್ಳು ಎದ್ದು ಬೇರೆ ಕಡೆ ಹೋಗಿ ಕೂರಬೇಕಲ್ಲ.

ಆಟವನ್ನು ಎಸ್‌ಎಸ್‌ಡಿಗೆ, ಅಂದರೆ ತಿರುಗುವ ಭಾಗವೇ ಇಲ್ಲದ ಡಿಸ್ಕಿಗೆ, ಸಾಗಿಸಿದರೆ ಇದು ಹೋಗುತ್ತದೆ. ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಸಾಕು, ಅದು ಸೆಕೆಂಡಿಗೆ 500 ಎಂಬಿ ದಾಟುತ್ತದೆ. ಅದಕ್ಕಿಂತ ವೇಗದ, ದುಬಾರಿಯ ಎನ್‌ವಿಎಂಇ ಇದ್ದರೆ ಒಳ್ಳೆಯದು, ಇಲ್ಲವೆಂದು ಕೊರಗಬೇಕಿಲ್ಲ. ಮತ್ತೆ ಡೌನ್‌ಲೋಡ್ ಮಾಡುವುದೂ ಬೇಡ. ಸ್ಟೀಮ್‌ನಲ್ಲೂ ಎಕ್ಸ್‌ಬಾಕ್ಸ್ ಆ್ಯಪ್‌ನಲ್ಲೂ ಆಟವನ್ನು ಒಂದು ಡ್ರೈವಿನಿಂದ ಇನ್ನೊಂದಕ್ಕೆ ಸಾಗಿಸುವ ಆಯ್ಕೆ ಇದೆ. ಕೊಳ್ಳುವ ಮೊದಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ಯಾವ ಬಗೆಯ ಜಾಗ ಖಾಲಿ ಇದೆ ಎಂದು ನೋಡಿಕೊಳ್ಳಿ. ಎಂ.2 ಆಕಾರದ ಎಲ್ಲ ಎಸ್‌ಎಸ್‌ಡಿಯೂ ಎಲ್ಲ ಜಾಗಕ್ಕೂ ಹೊಂದುವುದಿಲ್ಲ.

ಎಸ್‌ಎಸ್‌ಡಿ ಇದ್ದೂ ಜರ್ಕ್ ಬರುತ್ತಿದೆಯಾ? ಅದು ಕತ್ತಿನವರೆಗೆ ತುಂಬಿದೆಯಾ ನೋಡಿ. ಐದನೇ ಒಂದು ಭಾಗವಾದರೂ ಖಾಲಿ ಬಿಡಿ. ಹೊರಗಿನಿಂದ ಚುಚ್ಚಿದ ಎಸ್‌ಎಸ್‌ಡಿ ಆದರೆ ಯಾವ ಪೋರ್ಟಿಗೆ ಚುಚ್ಚಿದ್ದೀರಿ ಅನ್ನುವುದು ಮುಖ್ಯ. ಯುಎಸ್‌ಬಿ 2 ಪೋರ್ಟಿನಲ್ಲಿ ಎಂಥ ಎಸ್‌ಎಸ್‌ಡಿಯೂ ಸೆಕೆಂಡಿಗೆ 40 ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತದೆ.

ಮೆಮೊರಿ: ಎರಡು ಜಾಗ, ಎರಡು ಲೆಕ್ಕ

ಡಿಸ್ಕ್ ಆರಾಮಾಗಿದ್ದೂ ಮೊಳೆ ಏಳುತ್ತಿದ್ದರೆ ಮುಂದಿನ ನಿಲ್ದಾಣ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ. ನಮ್ಮಲ್ಲಿ ಜಿಟಿಎಕ್ಸ್ 1650, ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 3050 ತುಂಬಾ ಜನರ ಬಳಿ ಇವೆ. ಇವುಗಳಲ್ಲಿ ಹೆಚ್ಚಿನವು 4 ಜಿಬಿಯವು. ಟಾಸ್ಕ್ ಮ್ಯಾನೇಜರ್‌ನ ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದಲ್ಲಿ 'ಡೆಡಿಕೇಟೆಡ್' ಮತ್ತು 'ಶೇರ್ಡ್' ಎಂದು ಎರಡು ಮೆಮೊರಿ ಲೆಕ್ಕ ಇರುತ್ತದೆ. ಮೊದಲನೆಯದು ಭರ್ತಿಯಾಗಿ ಎರಡನೆಯದು ಏರುತ್ತಾ ಹೋಗುತ್ತಿದ್ದರೆ ಕಾರ್ಡಿನಲ್ಲಿ ಹಿಡಿಸದ ಸಾಮಾನು ರ್ಯಾಮ್‌ಗೆ ಚೆಲ್ಲುತ್ತಿದೆ. ಅಲ್ಲಿಂದ ತರುವುದು ಬಹಳ ನಿಧಾನ.

ಇದಕ್ಕೆ ಎಲ್ಲವನ್ನೂ 'ಲೋ' ಮಾಡಬೇಕಿಲ್ಲ. 'ಎನ್ವಿರಾನ್‌ಮೆಂಟ್ ಟೆಕ್ಸ್ಚರ್ ಕ್ವಾಲಿಟಿ' (ನೆಲ, ಗೋಡೆ, ಮರಗಳ ಮೇಲ್ಮೈ ಚಿತ್ರಗಳ ಗುಣಮಟ್ಟ) ಒಂದನ್ನೇ ಒಂದು ಮೆಟ್ಟಿಲು ಇಳಿಸಿ, ಆಟ ಮುಚ್ಚಿ ತೆರೆದು ಅದೇ ಹೆದ್ದಾರಿಗೆ ಹೋಗಿ. ಸಾಲದಿದ್ದರೆ ಇನ್ನೊಂದು ಮೆಟ್ಟಿಲು. ನೆರಳು, ಪ್ರತಿಬಿಂಬ ಎಲ್ಲ ಇದ್ದ ಹಾಗೇ ಇರಲಿ. ಆಟ ಇಷ್ಟು ಚೆನ್ನಾಗಿ ಕಾಣುವಂತೆ ಮಾಡಲು ಅಷ್ಟು ಜನ ದುಡಿದಿದ್ದಾರೆ, ಕಾರಣವಿಲ್ಲದೆ ಅದನ್ನು ಮಸುಕು ಮಾಡಿಕೊಂಡು ಆಡಬಾರದು ಎಂಬುದು ನನ್ನ ಹಟ.

ಎರಡನೆಯ ಜಾಗ ರ್ಯಾಮ್. ಆಟಕ್ಕೆ ಕನಿಷ್ಠ 8 ಜಿಬಿ ಬೇಕು, 16 ಇದ್ದರೆ ಚೆಂದ ಎಂದು ಮಾಡಿದವರೇ ಹೇಳಿದ್ದಾರೆ. 8 ಜಿಬಿ ಯಂತ್ರದಲ್ಲಿ ಬ್ರೌಸರ್ ತೆರೆದಿಟ್ಟುಕೊಂಡು ಆಡುವುದು ಕಷ್ಟ. ಸಂಖ್ಯೆಯಷ್ಟೇ ಅಲ್ಲ, ಜೋಡಣೆಯೂ ಮುಖ್ಯ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ 'ಸ್ಲಾಟ್ಸ್ ಯೂಸ್ಡ್' ಎಂದು ಇರುತ್ತದೆ. ಎರಡರಲ್ಲಿ ಒಂದು ಎಂದು ತೋರಿಸಿದರೆ ರ್ಯಾಮ್ ಒಂದೇ ದಾರಿಯಲ್ಲಿ ಓಡುತ್ತಿದೆ. 3200 ವೇಗದ ಡಿಡಿಆರ್4 ಒಂದು ಕಡ್ಡಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡು ಕಡ್ಡಿ ಹಾಕಿದರೆ 51.2. ಹೊಸ ಲ್ಯಾಪ್‌ಟಾಪ್‌ಗಳು ಒಂದೇ ಕಡ್ಡಿ ಹಾಕಿಕೊಂಡು ಬರುವುದು ತುಂಬಾ ಇದೆ. ಎರಡನೇ ಕಡ್ಡಿಗೆ ಖರ್ಚು ಮಾಡಿದ ದುಡ್ಡು ವ್ಯರ್ಥವಾಗುವುದಿಲ್ಲ.

ಊರೊಳಗೆ ಮಾತ್ರ ಭಾರವಾದರೆ

ಗ್ವಾನಹುವಾಟೋದ ಕಿರಿದಾದ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಸಾಲದ್ದಕ್ಕೆ ಸುರಂಗಗಳು, ನೆರಳು, ಎದುರು ಬರುವ ಗಾಡಿಗಳು. ಇಲ್ಲಿ ವೇಗ ಕಡಿಮೆ ಇದ್ದರೂ ಗೆರೆ ಇಡಿಯಾಗಿ ಮೇಲೇರಿದರೆ ಅದು ಗ್ರಾಫಿಕ್ಸ್ ಕಾರ್ಡಿನ ಭಾರವೋ ಪ್ರೊಸೆಸರಿನದೋ ಎಂದು ನೋಡಬೇಕು.

ರೆಸಲ್ಯೂಷನ್ ಅನ್ನು 1920×1080ರಿಂದ 1280×720ಕ್ಕೆ ಇಳಿಸಿ ಅದೇ ಓಣಿಯಲ್ಲಿ ಸುತ್ತಿ ಬನ್ನಿ. ಬರೆಯಬೇಕಾದ ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ಎಫ್‌ಪಿಎಸ್ ಚೆನ್ನಾಗಿ ಏರಿದರೆ ಭಾರ ಇದ್ದದ್ದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ನೆರಳು, ಪ್ರತಿಬಿಂಬ, ಅಂಚುಗಳನ್ನು ನಯ ಮಾಡುವ ಎಂಎಸ್‌ಎಎ ಇಳಿಸಿ, ಅಥವಾ ಚಿತ್ರವನ್ನು ಚಿಕ್ಕದಾಗಿ ಬರೆದು ದೊಡ್ಡದು ಮಾಡುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಹಾಕಿ. ಏರದೇ ಇದ್ದಲ್ಲೇ ಇದ್ದರೆ ಪ್ರೊಸೆಸರ್ ಹಿಂದೆ ಬಿದ್ದಿದೆ.

"ಪ್ರೊಸೆಸರ್ 40 ಪರ್ಸೆಂಟ್ ಮಾತ್ರ ತೋರಿಸ್ತಿದೆಯಲ್ಲ" ಎಂದು ಕೇಳುವವರಿದ್ದಾರೆ. ಅದು ಎಲ್ಲ ಥ್ರೆಡ್‌ಗಳ ಸರಾಸರಿ. 12 ಥ್ರೆಡ್ ಇರುವ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಪೂರ್ತಿ ಉಸಿರುಗಟ್ಟಿದರೂ ಒಟ್ಟು ಲೆಕ್ಕದಲ್ಲಿ ಅದು ಬರೀ 8 ಪರ್ಸೆಂಟ್. ಅದಕ್ಕೇ ಒಂದೊಂದು ಥ್ರೆಡ್ ಬೇರೆ ಬೇರೆಯಾಗಿ ಕಾಣುವಂತೆ ಇಟ್ಟುಕೊಳ್ಳಿ ಎಂದದ್ದು. ಇನ್ನೂ ಸ್ಪಷ್ಟ ಬೇಕಾದರೆ ಆಟದ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲೇ ಬೆಂಚ್‌ಮಾರ್ಕ್ ಇದೆ. ಅದು ಜಿಪಿಯು, ಸಿಪಿಯು ಸಿಮ್ಯುಲೇಷನ್, ಸಿಪಿಯು ರೆಂಡರ್ ಎಂದು ಲೆಕ್ಕ ಬೇರೆ ಬೇರೆ ಕೊಡುತ್ತದೆ (ಸಿಪಿಯು ಅಂದರೆ ಪ್ರೊಸೆಸರ್). ಯಾವುದರ ಎಫ್‌ಪಿಎಸ್ ಎಲ್ಲಕ್ಕಿಂತ ಕೆಳಗಿದೆಯೋ ಅದೇ ಉಳಿದವರನ್ನು ಕಾಯಿಸುತ್ತಿರುವುದು. ಪ್ರೊಸೆಸರ್ ಆದರೆ 'ಎನ್ವಿರಾನ್‌ಮೆಂಟ್ ಜಿಯೋಮೆಟ್ರಿ' ಮತ್ತು 'ವರ್ಲ್ಡ್ ಕಾರ್' ವಿವರಗಳನ್ನು ಇಳಿಸಿ. ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿ. ಏರಿಳಿಯುವ 90ಕ್ಕಿಂತ ಅಲುಗಾಡದ 60 ಓಡಿಸಲು ಎಷ್ಟೋ ಹಿತ.

ಹೊತ್ತು ಕಳೆದ ಮೇಲೆ ಕೆಟ್ಟರೆ

ಮೊದಲ ಅರ್ಧ ಗಂಟೆ ಚೆನ್ನ, ಆಮೇಲೆ ಕೆಡುತ್ತದೆ ಎಂದಾದರೆ ಆಟ ಮುಚ್ಚಿ ತಕ್ಷಣ ತೆರೆಯಿರಿ. ಸರಿಹೋಯಿತಾ? ಹಾಗಾದರೆ ಮೆಮೊರಿ ಮೆಲ್ಲಗೆ ತುಂಬುತ್ತಿದೆ, ಟೆಕ್ಸ್ಚರ್ ಇಳಿಸಿ ನೋಡಿ. ಸರಿಹೋಗಲಿಲ್ಲ, ಆದರೆ ಕಾಲು ಗಂಟೆ ಯಂತ್ರ ಆರಿಸಿಟ್ಟು ಬಂದರೆ ಸರಿಯಿದೆಯಾ? ಅದು ಬಿಸಿ.

ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಹತ್ತಿರ ಹೋದಾಗ ತಮ್ಮನ್ನು ಉಳಿಸಿಕೊಳ್ಳಲು ವೇಗ ಕಡಿಮೆ ಮಾಡಿಕೊಳ್ಳುತ್ತವೆ. ಆಫ್ಟರ್‌ಬರ್ನರ್‌ನಲ್ಲಿ ಬಿಸಿ ಮೇಲಕ್ಕೂ ಕ್ಲಾಕ್ ಕೆಳಕ್ಕೂ ಹೋಗುವುದು ಒಟ್ಟಿಗೇ ಕಾಣುತ್ತದೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವಾಗ ಫ್ಯಾನ್ ಎಷ್ಟು ತಿರುಗಿದರೂ ಒಳಗೆ ಎಳೆಯುವುದು ಬಿಸಿ ಗಾಳಿಯನ್ನೇ. ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ ಇಡಬೇಡಿ, ಗಾಳಿ ಎಳೆಯುವ ಕಿಂಡಿ ಮುಚ್ಚಿಹೋಗುತ್ತದೆ. ಹಿಂಭಾಗವನ್ನು ಎರಡು ಇಂಚು ಎತ್ತರಿಸಿ. ಧೂಳು ತೆಗೆಸಿ ವರ್ಷವಾಗಿದ್ದರೆ ತೆಗೆಸಿ. ತಕ್ಷಣಕ್ಕೊಂದು ಉಪಾಯ: ಪವರ್ ಪ್ಲಾನ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಅನ್ನು 99 ಪರ್ಸೆಂಟ್ ಮಾಡಿ. ಪ್ರೊಸೆಸರ್ ತಾನಾಗಿ ವೇಗ ಏರಿಸಿಕೊಳ್ಳುವ ಟರ್ಬೋ ನಿಲ್ಲುತ್ತದೆ, ಬಿಸಿ ಚೆನ್ನಾಗಿ ಇಳಿಯುತ್ತದೆ. ತುದಿಯ ವೇಗ ಸ್ವಲ್ಪ ಹೋದರೂ ಗೆರೆ ಸಪಾಟಾಗುತ್ತದೆ.

ಕರೆಂಟಿನ ವಿಷಯವನ್ನು ಮರೆಯುವವರೇ ಜಾಸ್ತಿ. ದಾವಣಗೆರೆಯಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ.

"ಅಣ್ಣಾ, ಸಂಜೆ ಹೊತ್ತು ಮಾತ್ರ ಆಟ ಎಳೀತದೆ. ಬೆಳಿಗ್ಗೆ ಏನೂ ಇಲ್ಲ. ಸಂಜೆ ಎಲ್ಲರೂ ನೆಟ್ ಬಳಸ್ತಾರಲ್ಲ, ಅದಕ್ಕೇ ಇರಬೇಕು ಅಲ್ವಾ?"

"ಸೋಲೋದಲ್ಲೂ ಹಾಗೇನಾ?"

"ಹೂಂ. ಸರಿಯಾಗಿ 30ಕ್ಕೆ ನಿಂತುಬಿಡ್ತದೆ."

"ಆ ಹೊತ್ತಿಗೆ ಕರೆಂಟ್ ಇರ್ತದಾ?"

"ಲೈಟು, ಫ್ಯಾನು ಇರ್ತವಲ್ಲಣ್ಣ."

ಅಲ್ಲೇ ಇತ್ತು ಉತ್ತರ. ಅವರ ಮನೆಯ ಇನ್ವರ್ಟರ್ ಲೈಟು ಮತ್ತು ಫ್ಯಾನಿಗೆ ಮಾತ್ರ. ಪ್ಲಗ್ಗಿನ ಲೈನ್ ಅದಕ್ಕೆ ಸೇರಿಲ್ಲ. ಕರೆಂಟ್ ಹೋದದ್ದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ, ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿದಿರುತ್ತಿತ್ತು. ಬ್ಯಾಟರಿ ಮೇಲೆ ಗ್ರಾಫಿಕ್ಸ್ ಚಿಪ್ಪಿಗೆ ಸಿಗುವ ಶಕ್ತಿ ತುಂಬಾ ಕಡಿಮೆ. ಎನ್‌ವಿಡಿಯಾ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಬೂಸ್ಟ್ ಎಂಬುದೊಂದು ಫ್ರೇಮ್‌ಗಳನ್ನು 30ಕ್ಕೆ ಹಿಡಿದಿಡುತ್ತದೆ. ಎಫ್‌ಪಿಎಸ್ ಏರಿಳಿಯದೆ ಒಂದೇ ಸಂಖ್ಯೆಗೆ ಅಂಟಿಕೊಂಡರೆ ಅದು ಸುಸ್ತಲ್ಲ, ಯಾರೋ ಹಾಕಿದ ಮಿತಿ. ಚಾರ್ಜರ್ ಗುರುತು ನೋಡಿ. 180 ವ್ಯಾಟ್ ಚಾರ್ಜರ್ ಬೇಕಾದ ಗೇಮಿಂಗ್ ಲ್ಯಾಪ್‌ಟಾಪಿಗೆ 65 ವ್ಯಾಟಿನ ಟೈಪ್-ಸಿ ಚಾರ್ಜರ್ ಚುಚ್ಚಿದರೂ ಗತಿ ಹೆಚ್ಚು ಕಮ್ಮಿ ಇದೇ.

ನೆಟ್ ತೊಂದರೆಯಾದರೆ ಲಕ್ಷಣ ಬೇರೆಯೇ. ನಿಮ್ಮ ಕಾರು, ರಸ್ತೆ, ಗಿಡಮರ ಎಲ್ಲ ಸಲೀಸು. ಬೇರೆ ಆಟಗಾರರ ಕಾರುಗಳು ಮಾತ್ರ ಇದ್ದಲ್ಲಿಂದ ಮಾಯವಾಗಿ ಇನ್ನೆಲ್ಲೋ ಕಾಣುತ್ತವೆ. ಸೋಲೋಗೆ ಹೋದರೆ ನಿಲ್ಲುತ್ತದೆ. ವೈಫೈ ಬಿಟ್ಟು ಕೇಬಲ್ ಹಾಕಿ. ಇನ್ನು ಚಿತ್ರ ಸಲೀಸಾಗಿದ್ದು, ಸ್ಟಿಯರಿಂಗ್ ತಿರುಗಿಸಿದ ಮೇಲೆ ಕಾರು ತಡವಾಗಿ ತಿರುಗುತ್ತದೆ ಎಂದಾದರೆ ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ. ಕಂಟ್ರೋಲರನ್ನು ಬ್ಲೂಟೂತ್ ಬಿಟ್ಟು ಕೇಬಲ್‌ನಲ್ಲಿ ಹಾಕಿ ನೋಡಿ.

ಏನೂ ಸಿಗಲಿಲ್ಲ ಎಂದರೆ ಫೈಲುಗಳು ಕೆಟ್ಟಿರಬಹುದು. ಸ್ಟೀಮ್‌ನಲ್ಲಿ ಫೈಲುಗಳನ್ನು ವೆರಿಫೈ ಮಾಡುವ ಆಯ್ಕೆ, ಎಕ್ಸ್‌ಬಾಕ್ಸ್ ಆ್ಯಪ್‌ನಲ್ಲಿ 'ವೆರಿಫೈ ಅಂಡ್ ರಿಪೇರ್' ಇದೆ. ಕೆಟ್ಟದ್ದನ್ನು ಮಾತ್ರ ಅದು ಮತ್ತೆ ತರುತ್ತದೆ. ಪೂರ್ತಿ ಅಳಿಸಿ ಹಾಕುವುದು ಕೊನೆಯ ದಾರಿ. 40 ಎಂಬಿಪಿಎಸ್ ಸಂಪರ್ಕದಲ್ಲಿ 110 ಜಿಬಿ ಇಳಿಯಲು ಆರು ಗಂಟೆ ಬೇಕು. ಹಾಗೆ ಮಾಡಲೇಬೇಕಾದರೆ ರಾತ್ರಿ ಹಚ್ಚಿ ಮಲಗಿ. ಬೆಳಿಗ್ಗೆ ಅದೇ ಕಾರು ತೆಗೆದುಕೊಂಡು, ಅದೇ ಹೆದ್ದಾರಿಯಲ್ಲಿ, ಮೊದಲು 80ರಲ್ಲಿ ಹೊರಡಿ.